ಅಡಿಕೆ ಸುಗ್ಗಿಯಲ್ಲಿ ಸೊಂಟ ಹಿಡಿದರೆ ಮತ್ತೆ ಕೆಲಸಕ್ಕಿಳಿಯುವುದು ಹೇಗೆ?

ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಸೊಂಟ ಹಿಡಿದುಕೊಂಡು ಬರುವವರು ಹೆಚ್ಚುತ್ತಾರೆ. ಅವರಲ್ಲಿ ಅನೇಕರು 'ಇನ್ನು ಬಗ್ಗಲೇಬಾರದಂತೆ' ಎಂದು ಯಾರೋ ಹೇಳಿದ್ದನ್ನು ನಂಬಿ ಮಲಗಿಬಿಟ್ಟಿರುತ್ತಾರೆ. ಫಿಸಿಯೋಥೆರಪಿಸ್ಟ್ ಆಗಿ ನನಗೆ ನೋವಿಗಿಂತ ಆ ಭಯದ್ದೇ ಚಿಂತೆ. ಬಹುಪಾಲು ಸೊಂಟನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ, ಓಡಾಡುತ್ತಿದ್ದರೆ ಇನ್ನೂ ಬೇಗ.

ಮೊದಲು ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಿ

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಗುದದ ಸುತ್ತ, ತೊಡೆಯ ಒಳಭಾಗ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ, ಮರದಿಂದ ಬಿದ್ದು ನೋವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಲೆನಾಡಿನವರು ಇನ್ನೊಂದನ್ನು ನೆನಪಿಡಬೇಕು: ಜ್ವರದ ಜೊತೆ ಮೈಕೈ ನೋವು ಬಂದರೆ ಅದು ಸುಗ್ಗಿಯ ಆಯಾಸ ಎಂದುಕೊಳ್ಳಬೇಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣ್ಣೆ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಜ್ವರವೂ ಹೆಚ್ಚು ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಬೇಸಿಗೆಯವರೆಗೆ.

ಮಲಗಬೇಡಿ, ಸ್ಕ್ಯಾನ್‌ಗೆ ಹೆದರಬೇಡಿ

ಒಂದೆರಡು ದಿನ ಭಾರದ ಕೆಲಸ ಬಿಡಿ. ಆದರೆ ಅಂಗಳ, ತೋಟದ ದಾರಿ ಎಂದು ಆಗಾಗ ಐದು-ಹತ್ತು ನಿಮಿಷ ನಡೆಯುತ್ತಿರಿ. 'ಡಿಸ್ಕ್ ಸವೆದಿದೆ', ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸವೆದಿದೆ ಎಂಬ ಸ್ಕ್ಯಾನ್ ವರದಿ ನೋಡಿ ಎದೆಗೆಡುವವರನ್ನು ಕಂಡರೆ ಬೇಸರವಾಗುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನಗಳ ವಿಮರ್ಶೆಯೊಂದರ ಪ್ರಕಾರ, ಯಾವ ನೋವೂ ಇಲ್ಲದ 20ರ ಹರೆಯದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ ಕಾಣುತ್ತದೆ. 80ರ ವಯಸ್ಸಿನವರಲ್ಲಿ ಶೇ 96. ತಲೆ ನರೆತಂತೆ ಅದೂ ವಯಸ್ಸಿನ ಗುರುತು. ಸೊಂಟದ ಬೆಲ್ಟ್‌ಗೂ ದುಡ್ಡು ಸುರಿಯಬೇಡಿ. ಬಹುಕಾಲದ ಸೊಂಟನೋವಿಗೆ ಅದನ್ನು ವಾಡಿಕೆಯಂತೆ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ದಿನಕ್ಕೆರಡು ಸಲ ಈ ಮೂರು ವ್ಯಾಯಾಮ

ಬೆನ್ನ ಮೇಲೆ ಮಲಗಿ, ಒಂದೊಂದೇ ಮಂಡಿಯನ್ನು ಎದೆಯ ಕಡೆ ಎಳೆದುಕೊಳ್ಳಿ. ನಂತರ ಮಂಡಿ ಮಡಚಿ, ಪಾದ ನೆಲಕ್ಕೂರಿ ಸೊಂಟ ಮೇಲೆತ್ತಿ. ಐದು ಎಣಿಸಿ ಇಳಿಸಿ. ಕೊನೆಗೆ ಜಗಲಿಯ ಕಟ್ಟೆಯ ಮೇಲೆ ಕೂತು, ಕೈ ಊರದೆ ಎದ್ದು ನಿಂತು ಮತ್ತೆ ಕೂರಿ. ಒಂದೊಂದೂ ಎಂಟು-ಹತ್ತು ಸಲ. ಉಸಿರು ಬಿಗಿಹಿಡಿಯಬೇಡಿ.

ಎಷ್ಟು ನೋವು ಇದ್ದರೆ ಸರಿ?

ಹೆಚ್ಚಿನವರು ಎಡವುವುದು ಇಲ್ಲಿ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಕೆಲಸ ಮಾಡುವಾಗ ಮೂರು-ನಾಲ್ಕರೊಳಗಿದ್ದು, ಮರುದಿನ ಬೆಳಿಗ್ಗೆ ಮೊದಲಿನಷ್ಟಕ್ಕೇ ಇಳಿದರೆ ಮುಂದುವರಿಯಿರಿ. ಮರುದಿನವೂ ಏರಿಯೇ ಇದ್ದರೆ ಕೆಲಸ ಸ್ವಲ್ಪ ಕಡಿಮೆ ಮಾಡಿ, ಪೂರಾ ನಿಲ್ಲಿಸಬೇಡಿ. ನೋವು ಇಳಿದ ದಿನವೇ 'ಇಷ್ಟು ದಿನದ್ದು ಬಾಕಿ ಇದೆ' ಎಂದು ಅಂಗಳದಲ್ಲಿ ಒಣಗಿದ ಅಡಿಕೆಯನ್ನೆಲ್ಲ ಒಬ್ಬರೇ ಬಾಚಿ, ಚೀಲ ತುಂಬಿ, ಅಟ್ಟಕ್ಕೆ ಹೊತ್ತರೆ, ನಾಳೆ ಮತ್ತೆ ಹಾಸಿಗೆಯೇ ಗತಿ. ಮೊದಲ ವಾರ ಅರ್ಧ ಬುಟ್ಟಿ, ಸರಿಹೋದರೆ ಮುಂದಿನ ವಾರ ಮುಕ್ಕಾಲು. ಬಗ್ಗಿ ಎತ್ತುವುದು ತಪ್ಪಲ್ಲ. ಅಭ್ಯಾಸವಿಲ್ಲದ ಭಾರವನ್ನು ಒಮ್ಮೆಲೇ ಎತ್ತುವುದು ತೊಂದರೆ.

ಮೆಟ್ಟುಗತ್ತಿಯ ಮುಂದೆ

ಮಣೆಗೆ ಸಿಕ್ಕಿಸಿದ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಹೆಂಗಸರನ್ನು ಪಕ್ಕದಲ್ಲಿ ಕೂತು ನೋಡಿ. ಬೆನ್ನು ಬಾಗಿರುತ್ತದೆ, ಹಸಿ ಅಡಿಕೆಯ ರಾಶಿ ಒಂದು ಬದಿಗೆ, ಸುಲಿದದ್ದು ಇನ್ನೊಂದು ಬದಿಗೆ. ಪ್ರತಿ ಕಾಯಿಗೂ ಸೊಂಟ ಅದೇ ದಿಕ್ಕಿಗೆ ತಿರುಗುತ್ತದೆ, ರಾತ್ರಿ ಹತ್ತರವರೆಗೂ. ರಾಶಿಯನ್ನು ಮುಂದಕ್ಕೆ ಎಳೆದುಕೊಳ್ಳಿ. ಕೂರುವ ಮಣೆಯ ಮೇಲೆ ಮಡಚಿದ ಗೋಣಿಚೀಲ ಹಾಕಿ ಎತ್ತರಿಸಿ, ಆದರೆ ಕತ್ತಿ ಅಲುಗಾಡದಂತಿರಲಿ. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಏಳುವುದಕ್ಕೆ ಪುರುಸೊತ್ತಿಲ್ಲ ಎನ್ನುತ್ತಾರೆ. ಹಾಗಾದರೆ ಸುಲಿದ ಅಡಿಕೆಯನ್ನು ಬೇಯಿಸುವ ಹಂಡೆಯ ಹತ್ತಿರ ಸುರಿದು ಬರುವ ಕೆಲಸ ಅವರಿಗೇ ಇರಲಿ. ಒಲೆಯ ಮುಂದೆ ನಿಂತವರು ಆಗಾಗ ಮೆಟ್ಟುಗತ್ತಿಗೆ ಬರಲಿ.

ನಾಲ್ಕೈದು ವಾರ ಹೀಗೆ ಮಾಡಿಯೂ ಸುಧಾರಿಸದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಹೋಗುವಾಗ ನೀವು ಕೆಲಸ ಮಾಡುವ ರೀತಿಯನ್ನು ಮನೆಯವರಿಂದ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿಸಿಕೊಂಡು ಹೋಗಿ.