ಹಾಸ್ಟೆಲ್ ಮುಚ್ಚಿದೆವು, ಮಕ್ಕಳು ಉಳಿದರು: ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಯ ಹಾಸ್ಟೆಲ್ಲಿಗೆ ಬೀಗ ಬಿದ್ದಾಗ ಮಕ್ಕಳ ಸೇವೆಯೇ ಮುಗಿಯಿತು ಅಂದವರು ಬಹಳ. ಈಗ ನಾಲ್ಕು ಸುಗ್ಗಿ ದಾಟಿದೆ. ಹೋದ ವರ್ಷ ಗುರುಮಠಕಲ್ ಕಡೆಯ ಮೂರು ಲಂಬಾಣಿ ತಾಂಡಾಗಳಲ್ಲಿ 38 ಮಕ್ಕಳ ಜವಾಬ್ದಾರಿ ತೆಗೆದುಕೊಂಡಿದ್ದೆವು. ವಾರ್ಷಿಕ ಪರೀಕ್ಷೆಗೆ 33 ಮಕ್ಕಳು ಕೂತರು. ಹಾಸ್ಟೆಲ್ ಇದ್ದಾಗ 40ರಲ್ಲಿ ಅರ್ಧದಷ್ಟು ಶಿವರಾತ್ರಿಗೆ ಮೊದಲೇ ಓಡಿಹೋಗುತ್ತಿದ್ದರು. ಅದೇ ತಾಂಡಾ, ಅದೇ ಮನೆಗಳ ಮಕ್ಕಳು. ರಾತ್ರಿ ಮಲಗುವ ಜಾಗ ಮಾತ್ರ ಬದಲಾಯಿತು: ಹಾಸ್ಟೆಲ್ ಬದಲು ಅವರದೇ ಮನೆ, ಅಜ್ಜಿಯ ಹತ್ತಿರ.

ಕೂಲಿಗೆ ಹೋಗುವವರ ವಲಸೆಯ ಲೆಕ್ಕ ನಿಮಗೆ ಗೊತ್ತೇ ಇದೆ. ದಸರಾ ಮುಗಿದು ದೀಪಾವಳಿಯೊಳಗೆ ತಾಂಡಾ ಖಾಲಿ. ಯಾದಗಿರಿ ಸ್ಟೇಷನ್ನಿನಿಂದ ಕೆಲವರು ಮುಂಬೈ, ಪುಣೆಗೆ, ಕೆಲವರು ಬೆಂಗಳೂರಿಗೆ. ಮನೆಯಲ್ಲಿ ಆಯಿ, ಮುತ್ಯಾ, ಅಂದರೆ ಅಜ್ಜಿ, ಅಜ್ಜ ಇಬ್ಬರೇ. ನಾವು ಎಷ್ಟೋ ವರ್ಷ ಆ ಆಯಿಯನ್ನು ಅಲ್ಲೇ ಬಿಟ್ಟು ಮಗುವನ್ನಷ್ಟೇ ಎತ್ತಿಕೊಂಡು ಬಂದೆವು. ಯಾಕೋಬನ ಪತ್ರಿಕೆ 1:27ರಲ್ಲಿ ಇರುವುದು ಸಂಕಟದಲ್ಲಿ ಇರುವವರನ್ನು ಪರಾಮರಿಸಬೇಕು ಅಂತ. ಅವರ ಮನೆಬಾಗಿಲಿಗೆ ಹೋಗಿ ವಿಚಾರಿಸಬೇಕು ಅಂತ. ಕರೆತಂದು ಸಾಲಾಗಿ ಮಲಗಿಸಿ ಅಂತ ಎಲ್ಲೂ ಇಲ್ಲ.

ನಿಜ ಹೇಳಬೇಕೆಂದರೆ ಮೊದಲು ದಾರಿ ತೋರಿಸಿದ್ದು ಹಣದ ಬಿಕ್ಕಟ್ಟು. ನಮ್ಮ ಹಾಸ್ಟೆಲ್ಲಿಗೆ ಪರದೇಶದ ಪ್ರಾಯೋಜಕರ ಹಣ ಇನ್ನೊಂದು ಸಂಸ್ಥೆಯ ಮೂಲಕ ಬರುತ್ತಿತ್ತು. 2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಒಬ್ಬರು ಪಡೆದ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಆಡಳಿತದ ಖರ್ಚೂ 20 ಶೇಕಡಾ ಮೀರುವಂತಿಲ್ಲ. ಇತ್ತ 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನ ನೋಂದಣಿ ಬೇಕು. ನಿಯಮದ ಪ್ರಕಾರ ಏಳು ಮಕ್ಕಳಿಗೆ ಒಂದು ಶೌಚಾಲಯ, ಹತ್ತು ಮಕ್ಕಳಿಗೆ ಒಂದು ಬಚ್ಚಲು. ನಮ್ಮಲ್ಲಿ 40 ಮಕ್ಕಳಿಗೆ ಮೂರೇ ಶೌಚಾಲಯ. ಕಟ್ಟಡ ಸರಿಮಾಡಲು ಎಂಜಿನಿಯರ್ ಕೊಟ್ಟ ಅಂದಾಜು 18 ಲಕ್ಷದ ಹತ್ತಿರ. ತಿಂಗಳಿಗೆ ಒಂದು ಮಗುವಿನ ಮೇಲೆ 4,500 ರೂಪಾಯಿ ಬೀಳುತ್ತಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾರ್ಡನ್, ಅಡುಗೆಯವರು, ಬಾಡಿಗೆ, ಕರೆಂಟಿಗೆ ಹೋಗುತ್ತಿತ್ತು.

ಈಗ ಒಂದು ಮಗುವಿಗೆ ತಿಂಗಳಿಗೆ 1,400 ರೂಪಾಯಿ. ಜ್ವಾರಿ (ಜೋಳ) 10 ಕಿಲೋ, ತೊಗರಿ ಬೇಳೆ ಒಂದೂವರೆ ಕಿಲೋ, ಶೇಂಗಾ ಒಂದು ಕಿಲೋ, ಎಣ್ಣೆ ಒಂದು ಲೀಟರ್, ಸಾಬೂನು, ಮತ್ತೆ ಆಯಿ ಕೈಗೆ 400 ನಗದು. ಒಂದೇ ಮನೆಯಲ್ಲಿ ಎರಡು ಮಕ್ಕಳಿದ್ದರೆ ಸಾಮಾನು ಎರಡರಷ್ಟು, ನಗದು 600 ಮಾತ್ರ. ಮಧ್ಯಾಹ್ನದ ಊಟ, ಹಾಲು, ಮೊಟ್ಟೆ ಶಾಲೆಯಲ್ಲೇ ಸಿಗುತ್ತದೆ, ಅದನ್ನು ನಾವು ಮತ್ತೆ ಕೊಡುವುದಿಲ್ಲ. ನಮ್ಮ ಊಟ ರಾತ್ರಿಗೆ ಮತ್ತು ಭಾನುವಾರಕ್ಕೆ.

ಮೊದಲ ವರ್ಷ ಪೂರ್ತಿ ನಗದು ಕೊಟ್ಟು ಕೆಟ್ಟೆವು. ಹಣ ಬಂದ ದಿನವೇ ಸಾಲದವರು ಬಾಗಿಲಲ್ಲಿ. ಆಯಿ ಯಾರಿಗೂ ಇಲ್ಲ ಅನ್ನಲಾರಳು. ಪೂರ್ತಿ ಸಾಮಾನೇ ಕೊಟ್ಟರೂ ನಡೆಯುವುದಿಲ್ಲ: ಬೀಸುವ ಗಿರಣಿಗೆ, ಗುಳಿಗೆಗೆ, ಆಟೋಕ್ಕೆ ರೊಕ್ಕ ಬೇಕಾದಾಗ ಅವಳು ಬೇಳೆ ಮಾರುತ್ತಾಳೆ. 400ರ ಹತ್ತಿರ ಬಂದು ನಿಂತದ್ದು ಎರಡು ವರ್ಷ ತಪ್ಪಿದ ಮೇಲೆ.

ಪಡಿತರದ ಅಕ್ಕಿಯೂ ಸಿಗಬೇಕಲ್ಲ. ಅಲ್ಲಿ ತೊಡಕು ಹೆಬ್ಬೆರಳಿನದು. ಎಪ್ಪತ್ತು ದಾಟಿದ ಆಯಿ ಕೈಯಲ್ಲಿ ರೇಖೆಯೇ ಉಳಿದಿರುವುದಿಲ್ಲ. ಜೀವನವಿಡೀ ಹತ್ತಿ ಬಿಡಿಸಿ, ರೊಟ್ಟಿ ಬಡಿದು ತೊಗಲು ನುಣುಪಾಗಿರುತ್ತದೆ. ಪಡಿತರ ಅಂಗಡಿಯ ಮಷೀನು ಮತ್ತೆ ಮತ್ತೆ ಕೆಂಪು ದೀಪ ತೋರಿಸುತ್ತದೆ. ಬಿಸಿನೀರಲ್ಲಿ ಕೈ ತೊಳೆದು, ಒರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ, ಹತ್ತು ನಿಮಿಷ ಬಿಟ್ಟು ಉಂಗುರದ ಬೆರಳು ಇಡಿಸಿ. ಹೆಚ್ಚಿನ ಸಲ ಹಿಡಿಯುತ್ತದೆ. ಅದೂ ಆಗದಿದ್ದರೆ ಬೆರಳಿನ ಬದಲು ಒ.ಟಿ.ಪಿ. ನಡೆಯುವಂತೆ ದಸರಾಕ್ಕೆ ಮೊದಲೇ ಕಾರ್ಡಿಗೆ ಮೊಬೈಲ್ ನಂಬರ್ ಜೋಡಿಸಿಡಿ, ಮಗ-ಸೊಸೆ ಊರಲ್ಲಿ ಇರುವಾಗಲೇ.

ಹಣ ಎಲ್ಲಿಂದ? ಮಿಜೋರಾಮಿನ ಸಭೆಯ ಹೆಂಗಸರು 1910ರಿಂದ ಅಡುಗೆಗೆ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ, ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಇಲ್ಲಿ ಅದು ಹಿಡಿ ಜ್ವಾರಿ. 60 ಮನೆ, ದಿನಕ್ಕೆ ಒಂದು ಹಿಡಿ; ತಿಂಗಳಿಗೆ ಒಂದು ಕ್ವಿಂಟಲ್, ವರ್ಷಕ್ಕೆ 12 ಕ್ವಿಂಟಲ್. ಆರು ತಿಂಗಳಿಗೆ ನಮಗೆ ಬೇಕಾದದ್ದು ಸುಮಾರು 23. ಅಂದರೆ ಅರ್ಧ ನಮ್ಮ ಹೆಂಗಸರ ಕೈಯಿಂದಲೇ ಬಂತು. ಉಳಿದದ್ದು ಸುಗ್ಗಿ ಕಾಣಿಕೆಯ ಹರಾಜು, ಬೆಂಗಳೂರಲ್ಲಿ ನೌಕರಿ ಮಾಡುವ ನಮ್ಮ ಹುಡುಗರ ತಿಂಗಳ ವಂತಿಗೆ. ಸಂಜೆ ಪಾಠ ಹೇಳುವ ಮೂವರ ಸಂಬಳ ಸೇರಿ ಒಂದು ಸುಗ್ಗಿಗೆ 3 ಲಕ್ಷ 80 ಸಾವಿರದ ಆಸುಪಾಸು. ಪರದೇಶದ ಒಂದು ಪೈಸೆ ಇಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಿಡಿ ಜ್ವಾರಿ ಕೂಡಿಡುವುದರಲ್ಲೂ ಏಟು ತಿಂದೆವು. ಬೇರೆ ಬೇರೆ ಮನೆಯ ಕಾಳು ಒಂದೇ ಚೀಲಕ್ಕೆ ಸುರಿದರೆ ಒಂದು ಮನೆಯ ಹುಳ ಎಲ್ಲಕ್ಕೂ. ಮೊದಲ ಮಳೆಗಾಲದಲ್ಲಿ ಎರಡು ಕ್ವಿಂಟಲ್ ಹಾಳಾಯಿತು. ಈಗ ಪ್ರತಿ ತಿಂಗಳು ಎರಡು ದಿನ ಕಟಕಟ ಅನ್ನುವಷ್ಟು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಒಣ ಬೇವಿನ ಎಲೆ ಬೆರೆಸಿ, ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಚೀಲ ಇಡುತ್ತೇವೆ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವರುತ್ತದೆ. ಕಾಳಿಗೆ ವಿಷದ ಗುಳಿಗೆ ಇಡುವುದು ಮಕ್ಕಳು ಓಡಾಡುವ ಜಾಗದಲ್ಲಿ ಬೇಡವೇ ಬೇಡ. ಅದರ ಹೊಗೆ ಜೀವ ತೆಗೆಯುತ್ತದೆ.

ನಡುವೆ ಒಂದು ಪ್ರಯೋಗ. ಪ್ರತಿ ಆಯಿಗೆ ಒಂದು ಆಡು ಕೊಡೋಣ, ಹಾಲೂ ಆಯಿತು ಆದಾಯವೂ ಆಯಿತು ಅಂತ ಒಂದು ತಾಂಡಾದಲ್ಲಿ 9 ಆಡು ಕೊಟ್ಟೆವು. ಸಂಕ್ರಾಂತಿಯೊಳಗೆ ಐದು ಮಕ್ಕಳು ಶಾಲೆ ಬಿಟ್ಟು ಆಡು ಮೇಯಿಸುತ್ತಿದ್ದರು. ಮುದುಕಿ ಓಡಲಾರಳು, ಆಡು ಒಂದೆಡೆ ನಿಲ್ಲದು. ವಾಪಸ್ ತೆಗೆದುಕೊಂಡು ಮಾರಿದೆವು. ನಾಲ್ಕು ಕೋಳಿ ಕೊಟ್ಟರೆ ಈ ಕಾಟ ಇಲ್ಲ, ಪುಂಡಿಪಲ್ಯದ ಬೀಜ ಕೊಟ್ಟರೆ ಇನ್ನೂ ಒಳ್ಳೆಯದು, ಬಚ್ಚಲ ನೀರಿಗೇ ಬೆಳೆಯುತ್ತದೆ.

ಮನೆ ಆರಿಸುವಾಗ ನಾವು ಕೇಳುವ ಮೊದಲ ಪ್ರಶ್ನೆ: ರಾತ್ರಿ ಈ ಮನೆಯಲ್ಲಿ ಇನ್ನು ಯಾರು ಮಲಗುತ್ತಾರೆ? ಕುಡಿಯುವ ಚಿಕ್ಕಪ್ಪ ಇದ್ದರೆ ಆ ಮನೆ ಇಲ್ಲ, ಎಷ್ಟೇ ಒತ್ತಾಯ ಬಂದರೂ. ಎರಡನೆಯದು ಜೋಡಿ ಮನೆ: ಆಯಿಗೆ ಜ್ವರ ಬಂದರೆ ಮಗು ಯಾವ ಮನೆಗೆ ಹೋಗಬೇಕು ಎಂದು ಮೊದಲೇ ಗೊತ್ತುಮಾಡಿ, ಆ ಮನೆಯವರಿಗೆ ತಿಂಗಳಿಗೆ 100 ರೂಪಾಯಿ. ತಂದೆತಾಯಿಯ ಸಹಿ ಇಲ್ಲದೆ ಒಂದು ಮಗುವನ್ನೂ ಸೇರಿಸುವುದಿಲ್ಲ. ನಿಜಕ್ಕೂ ಯಾರೂ ಇಲ್ಲದ ಮಗು ಕಂಡರೆ 24 ಗಂಟೆಯೊಳಗೆ 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುತ್ತೇವೆ, ನಾವು ಇಟ್ಟುಕೊಳ್ಳುವುದಿಲ್ಲ. ತಾಯಿ ವಿಧವೆಯಾಗಿದ್ದರೆ ಮಿಷನ್ ವಾತ್ಸಲ್ಯದ ತಿಂಗಳ 4,000ಕ್ಕೆ ಅರ್ಜಿ ಹಾಕಿಸಿ. ಹಳ್ಳಿಯಲ್ಲಿ ವರ್ಷದ ಆದಾಯ 72,000 ಮೀರಿರಬಾರದು.

ಸಂಜೆ ಪಾಠ ಐದೂವರೆಯಿಂದ ಏಳೂವರೆ. ಪಾಠ ಹೇಳುವವಳು ತಾಂಡಾದ ಸೊಸೆಯೇ ಆಗಿರಬೇಕು. ಲಂಬಾಣಿಯಲ್ಲಿ ಯಾಡಿ, ಪಾಣಿ ಅನ್ನುವ ಮಗುವಿಗೆ ತಾಯಿ, ನೀರು ಅಂತ ದಾಟಿಸಲು ಅವಳಿಗೇ ಬರುತ್ತದೆ. ಪೇಟೆಯಿಂದ ಕಳಿಸಿದ ಡಿ.ಎಡ್. ಆದವರು ತಿಂಗಳೂ ನಿಲ್ಲಲಿಲ್ಲ. ಪಾಠದಲ್ಲಿ ಪ್ರಾರ್ಥನೆ, ಭಕ್ತಿಗೀತೆ ಯಾವುದೂ ಇಲ್ಲ. ಭಾನುವಾರ ಶಾಲೆ ಬೇರೆ ಜಾಗದಲ್ಲಿ, ನಮ್ಮ ಸಭೆಯ ಮನೆಗಳಿಗೆ. 38ರಲ್ಲಿ ಆ ಮನೆಗಳ ಮಕ್ಕಳು ಆರೋ ಏಳೋ. ಒಂದು ತಾಂಡಾದಲ್ಲಿ ಪಾಠ ನಡೆಯುವುದು ಲಂಬಾಣಿಗಳ ಗುರು ಸೇವಾಲಾಲ್ ಗುಡಿಯ ಕಟ್ಟೆಯ ಮೇಲೆ. ಮಕ್ಕಳ ಫೋಟೋ ಯಾವ ದಾನಿಗೂ ಕಳಿಸುವುದಿಲ್ಲ.

ಫೋನಿನ ವಿಷಯ ಮರೆಯಬೇಡಿ. ಮೊದಲು ರಾತ್ರಿ ಎಂಟಕ್ಕೆ ತಾಯಿಗೆ ಹಚ್ಚಿಕೊಟ್ಟೆವು. ಅತ್ತು ಅತ್ತು ಮಕ್ಕಳು ಮಾರನೇ ದಿನ ಶಾಲೆಗೇ ಹೋಗಲಿಲ್ಲ. ಈಗ ಭಾನುವಾರ ಮಧ್ಯಾಹ್ನ, ಊಟದ ಮೇಲೆ. ಮಗು ಆ ವಾರ ಕಲಿತ ನಾಲ್ಕು ಸಾಲು ತಾಯಿಗೆ ಓದಿ ಹೇಳಬೇಕು, ಆಮೇಲೆ ಉಳಿದ ಮಾತು. ಅಕ್ಷರ ಬಾರದ ತಾಯಿ ಆ ನಾಲ್ಕು ಸಾಲು ಕೇಳಲು ಮುಂದಿನ ವಾರ ಕಾಯುತ್ತಾಳೆ. ಇನ್ನು ಕೂಲಿಗೆ ಜನರನ್ನು ಕರೆದೊಯ್ಯುವ ಮುಕಾದಮ ಮುಂಗಡ ಕೊಡುವಾಗ ಮಕ್ಕಳನ್ನು ಲೆಕ್ಕಕ್ಕೆ ಸೇರಿಸದಂತೆ ಒಪ್ಪಿಸುವ ದಾರಿ ಒಂದಿದೆ. ಅದನ್ನು ಇಲ್ಲಿ ಬರೆದರೆ ಮುಂದಿನ ವರ್ಷ ನಡೆಯುವುದಿಲ್ಲ. ಬಂದು ಕೇಳಿದವರಿಗೆ ಹೇಳುತ್ತೇನೆ.

ಉಳಿಯದ ಐದು ಮಕ್ಕಳಲ್ಲಿ ನಾಲ್ಕು ಒಂಬತ್ತು-ಹತ್ತು ವರ್ಷದ ಹುಡುಗಿಯರು. ತಾಯಿ ಇಟ್ಟಿಗೆ ಹೊರುವಾಗ ಕೂಸು ಆಡಿಸಲು ಅವರನ್ನು ಕರೆದುಕೊಂಡು ಹೋದರು. ಎದೆಹಾಲು ಬಿಡದ ಕೂಸನ್ನು ಇಲ್ಲಿ ಇಟ್ಟುಕೊಳ್ಳಲು ಆಗದು. ಎರಡು ವರ್ಷ ದಾಟಿದ್ದರೆ ಪಂಚಾಯಿತಿಯ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರದಲ್ಲಿ ಹಗಲು ಬಿಟ್ಟು, ರಾತ್ರಿ ಆಯಿ ಹತ್ತಿರ ಮಲಗಿಸಬಹುದು, ಅಕ್ಕ ಶಾಲೆಯಲ್ಲೇ ಉಳಿಯಬಹುದು. ಈ ದಸರಾಕ್ಕೆ ಒಂದು ತಾಂಡಾದಲ್ಲಿ ಆರು ಮನೆ ಗುರುತು ಹಾಕಿದ್ದೇವೆ, ಮನೆಗೆ ಜ್ವಾರಿ ಐದು ಕಿಲೋ ಹೆಚ್ಚಿಗೆ ಕೊಡಲು ಹೆಂಗಸರ ಸಂಘ ಒಪ್ಪಿದೆ.