ನಮ್ಮ ನಡುವಿನವರ ಬದುಕನ್ನು ಹಾಡು-ನಾಟಕವಾಗಿ ಕಟ್ಟುವುದು ಹೇಗೆ?

ಮಂಡ್ಯ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಹಳ್ಳಿ ಹುಡುಕುವುದು ಕಷ್ಟ. ಹಾರ್ಮೋನಿಯಂ ಹಿಡಿದು ಆ ನಾಟಕ ಕಲಿಸುವುದು ನನ್ನ ಕಸುಬು. ಅದರ ಜತೆಗೆ ಕೆಲವು ತಂಡಗಳಿಗೆ ನಮ್ಮ ಊರುಗಳಲ್ಲೇ ಕಷ್ಟಪಟ್ಟು ಬಾಳಿದವರ ಕಥೆಯನ್ನೂ ರಂಗಕ್ಕೆ ತರಲು ನೆರವಾಗುತ್ತೇನೆ. ಹೇಗೆ ಕಟ್ಟುತ್ತೀರಿ ಮೇಷ್ಟ್ರೇ ಎಂದು ಕೇಳುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾರ ಕಥೆ ಎಂಬುದನ್ನು ನಿರ್ಧರಿಸಿ. ಹೆಸರುವಾಸಿಗಳೇ ಆಗಬೇಕಿಲ್ಲ. ಕನ್ನಂಬಾಡಿ ಕಟ್ಟೆಯ, ಅಂದರೆ ಈಗಿನ ಕೆಆರ್‌ಎಸ್ ಅಣೆಕಟ್ಟಿನ, ಕೆಲಸ 1911ರಲ್ಲಿ ಶುರುವಾಯಿತು. ಆ ಕಥೆ ಎಂದಕೂಡಲೇ ಎಲ್ಲರೂ ಅರಸರನ್ನೂ ಎಂಜಿನಿಯರರನ್ನೂ ರಂಗಕ್ಕೆ ಕರೆತರುತ್ತಾರೆ. ಸುಣ್ಣ, ಇಟ್ಟಿಗೆ ಪುಡಿ ಕಲೆಸಿದ ಸುರ್ಕಿ ಗಾರೆ ಹೊತ್ತವರು ಯಾರು, ಹಳೆಯ ಕನ್ನಂಬಾಡಿ ಮುಳುಗುವ ಮುನ್ನ ಮನೆಯ ಸಾಮಾನು ಹೊತ್ತು ಹೊರಟವರು ಯಾರು? ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ ಮುಖಂಡರ ಹೆಸರು ಪುಸ್ತಕಗಳಲ್ಲಿದೆ. ಅಲ್ಲಿ ಸೇರಿದ ಜನಕ್ಕೆ ಅನ್ನ ಬೇಯಿಸಿದವರು ಯಾರೆಂದು ಕೇಳಿಕೊಂಡು ಹೊರಡಿ. ನಾಟಕ ಅಲ್ಲಿ ಸಿಗುತ್ತದೆ.

ವ್ಯಕ್ತಿ ಬದುಕಿದ್ದರೆ ಅವರ ಒಪ್ಪಿಗೆ, ಇಲ್ಲದಿದ್ದರೆ ಮನೆಯವರ ಒಪ್ಪಿಗೆ ಪಡೆಯದೆ ಒಂದು ಸಾಲನ್ನೂ ಬರೆಯಬೇಡಿ. ಹೆಸರು, ಊರು, ಜಾತಿ, ಸಾಲ, ಸಂಬಂಧ, ಇವುಗಳಲ್ಲಿ ಯಾವುದನ್ನು ಹೇಳಬಹುದು, ಯಾವುದನ್ನು ಬಿಡಬೇಕು ಎಂಬುದು ಅವರ ಹಕ್ಕು. ಬರೆದು ಮುಗಿದ ಮೇಲೆ ಪೂರ್ತಿ ರಂಗಪಠ್ಯವನ್ನು ಅವರ ಮುಂದೆ ಕುಳಿತು ಗಟ್ಟಿಯಾಗಿ ಓದಿ. ಒಂದು ದೃಶ್ಯ ಬೇಡ ಎಂದರೆ, ಅದು ಎಷ್ಟೇ ಚೆನ್ನಾಗಿರಲಿ, ತೆಗೆಯಿರಿ.

ಮಾತನಾಡಿಸುವಾಗ, 'ನಿಮಗೆ ಏನೇನು ಕಷ್ಟ ಬಂತು ಅಮ್ಮಾ?' ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಬೆಳಿಗ್ಗೆ ಎದ್ದು ಮೊದಲು ಯಾವ ಕೆಲಸ ಮಾಡುತ್ತಿದ್ದಿರಿ, ಕೂಲಿ ದುಡ್ಡನ್ನು ಎಲ್ಲಿ ಇಡುತ್ತಿದ್ದಿರಿ, ಮಗುವನ್ನು ಯಾರ ಬಳಿ ಬಿಟ್ಟು ಹೋಗುತ್ತಿದ್ದಿರಿ ಎಂದು ಕೇಳಿ. ಮದ್ದೂರು ಕಡೆಯ ಒಬ್ಬ ಅಮ್ಮ ಗಂಡ ತೀರಿಕೊಂಡ ಮೇಲೆ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ರಚ್ಚು, ಅಂದರೆ ರಸ ಹಿಂಡಿ ಉಳಿದ ಸಿಪ್ಪೆ, ಹಾಕುತ್ತಾ ಮಕ್ಕಳನ್ನು ಬೆಳೆಸಿದವರು. ದುಃಖದ ಮಾತು ಅವರ ಬಾಯಿಂದ ಬರಲೇ ಇಲ್ಲ. ಬೆಂಕಿಯ ಬಗ್ಗೆ ಮಾತ್ರ ಗಂಟೆಗಟ್ಟಲೆ ಹೇಳಿದರು: ಉರಿ ಕುಗ್ಗಿದರೆ ಪಾಕ ಬರುವುದಿಲ್ಲ, ಹೆಚ್ಚಾದರೆ ತಳ ಹಿಡಿಯುತ್ತದೆ, ಕೊಪ್ಪರಿಗೆಯ ಸದ್ದು ಕೇಳಿಯೇ ರಚ್ಚು ಎಷ್ಟು ಹಾಕಬೇಕೆಂದು ತಿಳಿಯುತ್ತಿದ್ದರಂತೆ. ನಮ್ಮ ನಾಟಕಕ್ಕೆ ಅಷ್ಟು ಸಾಕಾಯಿತು.

ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ತುರುಕಬೇಡಿ. ಒಂದು ರಾತ್ರಿ, ಒಂದು ಹಂಗಾಮು, ಒಂದು ವರ್ಷ, ಇವುಗಳಲ್ಲಿ ಒಂದನ್ನು ಹಿಡಿಯಿರಿ. ನಾವು ಹಿಡಿದದ್ದು ಆಲೆಮನೆಯ ಒಂದು ರಾತ್ರಿಯನ್ನು. ಮದುವೆ, ಸಾವು, ಮಗಳ ಓದು ಎಲ್ಲವೂ ಆ ಒಲೆಯ ಮುಂದೆ ಕುಳಿತವಳ ನೆನಪಾಗಿ ಬಂದವು. ಕಾಲ ದಾಟಿಸಲು ನಮ್ಮ ಜನಪದ ಗಾಯಕರಾದ ನೀಲಗಾರರಿಂದ ಕಲಿಯಿರಿ. ತಂಬೂರಿ ಹಿಡಿದು, ಗಗ್ಗರ ನುಡಿಸುತ್ತಾ ಮಂಟೇಸ್ವಾಮಿ ಕಾವ್ಯ ಹಾಡುವಾಗ ಅವರು ಒಂದು ಗಳಿಗೆ ಕಥೆ ಹೇಳುವವರಾಗಿರುತ್ತಾರೆ, ಮರುಗಳಿಗೆ ಪಾತ್ರವೇ ಆಗುತ್ತಾರೆ. ಪರದೆ ಬೀಳುವುದಿಲ್ಲ, ವೇಷ ಬದಲಾಗುವುದಿಲ್ಲ, ಆದರೂ ನಾವು ಊರಿನಿಂದ ಊರಿಗೆ ಹೋಗಿಬಿಟ್ಟಿರುತ್ತೇವೆ. ಇಷ್ಟು ದೊಡ್ಡ ವಿದ್ಯೆ ಮಳವಳ್ಳಿ ಕಡೆಯ ಜಗಲಿಗಳ ಮೇಲೆಯೇ ಇರುವಾಗ ಅದನ್ನು ಕಲಿಯಲು ನಮ್ಮ ತಂಡಗಳು ಹಿಂಜರಿಯುವುದು ನನಗೆ ನೋವು ತರುತ್ತದೆ.

ಇನ್ನು ಹಾಡು. ಪೌರಾಣಿಕ ನಾಟಕದಲ್ಲಿ ಪಾತ್ರ ಬಂದ ಕೂಡಲೇ ಹಾಡುತ್ತದೆ, ಅದು ಅಲ್ಲಿಗೆ ಚೆಂದ. ಇಲ್ಲಿ ಹಾಗೆ ಮಾಡಿದರೆ ಆ ಅಮ್ಮ ದ್ರೌಪದಿಯಾಗಿಬಿಡುತ್ತಾರೆ. ಅವರು ನಿಜವಾಗಿ ಎಲ್ಲಿ ಹಾಡುತ್ತಿದ್ದರು ಎಂದು ವಿಚಾರಿಸಿ. ನಾಟಿ ಗದ್ದೆಯಲ್ಲೋ, ಮದುವೆ ಮನೆಯಲ್ಲೋ, ರಾಗಿ ಬೀಸುವಾಗಲೋ? ಹಾಡನ್ನು ಅಲ್ಲೇ ಇಡಿ. ಸೋಬಾನೆ ಪದದಲ್ಲಿ ಒಂದು ಗುಂಪು ಹೇಳಿದ ಸಾಲನ್ನು ಇನ್ನೊಂದು ಗುಂಪು ಮರಳಿ ಹೇಳುತ್ತದೆ. ಮೇಳಕ್ಕೆ ಇದಕ್ಕಿಂತ ಒಳ್ಳೆಯ ರಚನೆ ಇಲ್ಲ, ಸಂಗೀತ ಕಲಿಯದವರೂ ಸೇರಿಕೊಳ್ಳಬಹುದು. ಹಾಡುವಾಗ ಕೈಯಲ್ಲಿ ಕೆಲಸ ಇರಲಿ. ಉಸಿರು ಕಟ್ಟಿ ಸಾಲು ತುಂಡಾದರೆ ಅದನ್ನು ತಿದ್ದಬೇಡಿ. ಶ್ರುತಿಯನ್ನು ಹಾಡುವವಳ ಗಂಟಲಿಗೆ ಹೊಂದಿಸಿ. ಮೇಷ್ಟರಿಗೆ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ, ಹಿತವೆಂದು ಎಲ್ಲರನ್ನೂ ಅದರಲ್ಲೇ ಹಾಡಿಸುವುದು ಅನ್ಯಾಯ. ಸಿನಿಮಾ ಧಾಟಿ ಬೇಡವೇ ಬೇಡ. ಕೇಳಿದ ಕೂಡಲೇ ಪ್ರೇಕ್ಷಕರಿಗೆ ಬೇರೆ ಯಾರದೋ ಮುಖ ನೆನಪಾಗುತ್ತದೆ.

ತಾಲೀಮಿನಲ್ಲಿ ನಾನು ಪಟ್ಟು ಹಿಡಿಯುವುದು ಒಂದೇ ವಿಷಯಕ್ಕೆ. ನಟಿ ಆ ಕೆಲಸವನ್ನು ಕಲಿಯಬೇಕು. ಆಲೆಮನೆಗೆ ಹೋಗಿ, ಹೊಗೆಯಲ್ಲಿ ಕುಳಿತು, ರಚ್ಚಿನ ಹೊರೆ ಎತ್ತಬೇಕು. ರಂಗದ ಮೇಲೂ ಹೊರೆ ನಿಜವಾದ ಭಾರದ್ದೇ ಆಗಿರಲಿ. ಥರ್ಮಾಕೋಲ್ ಮೂಟೆ ಹೊತ್ತ ಬೆನ್ನು ಸುಳ್ಳು ಹೇಳುತ್ತದೆ. ಬೆಂಕಿ ಮಾತ್ರ ನಿಜವಾದದ್ದು ಬೇಡ, ಕೆಳಗಿನಿಂದ ಬರುವ ಕೆಂಪು-ಹಳದಿ ಬೆಳಕು ಸಾಕು. ವಯಸ್ಸನ್ನು ತಲೆಗೆ ಬಿಳಿ ಬಳಿದು ತೋರಿಸಬೇಡಿ; ಅದೇ ಹೊರೆಯನ್ನು ಎರಡನೇ ಸಲ ಎತ್ತುವಾಗ ಮೊಣಕಾಲಿಗೆ ಕೈ ಊರಿದರೆ ಇಪ್ಪತ್ತು ವರ್ಷ ಕಳೆದದ್ದು ತಿಳಿಯುತ್ತದೆ. ಪಾತ್ರ ಅಳದಿರಲಿ. ಜೀವನದಲ್ಲಿ ಅವರಿಗೆ ಅಳಲು ಪುರಸೊತ್ತು ಇರಲಿಲ್ಲ.

ಅವಧಿ ಒಂದೂವರೆ ಗಂಟೆ ಮೀರದಿರಲಿ.

ಮೊದಲ ಪ್ರದರ್ಶನ ಆ ವ್ಯಕ್ತಿಯ ಊರಿನಲ್ಲೇ ಆಗಬೇಕು. ಮೈಸೂರು ಆಮೇಲೆ. ಅಲ್ಲಿಗೆ ಹೋದಾಗ ಕಲಾಮಂದಿರದ ದೊಡ್ಡ ಸಭಾಂಗಣಕ್ಕೆ ಆಸೆಪಡಬೇಡಿ, ಒಲೆಗೆ ಕೈ ಚಾಚುವವಳ ಬೆರಳು ಹಿಂದಿನ ಸಾಲಿಗೆ ಕಾಣುವುದಿಲ್ಲ. ಅದೇ ಆವರಣದ ಕಿರುರಂಗಮಂದಿರ ಇಂಥ ನಾಟಕಕ್ಕೆ ಸರಿಯಾದ ಅಳತೆ. ಬಯಲಲ್ಲಿ ಆಡುವ ಧೈರ್ಯವಿದ್ದರೆ ರಂಗಾಯಣದ ವನರಂಗವನ್ನು ಕೇಳಿನೋಡಿ.

ಟಿಕೆಟ್ ಇಟ್ಟರೆ, ಚಂದಾ ಎತ್ತಿದರೆ, ಅದರಲ್ಲಿ ಒಂದು ಪಾಲು ಕಥೆ ಕೊಟ್ಟವರದು. ಎಷ್ಟು ಎಂಬುದನ್ನು ತಾಲೀಮು ಶುರುವಾಗುವ ಮೊದಲೇ ಮಾತಾಡಿ, ಕಾಗದದ ಮೇಲೆ ಬರೆದು, ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಹಾರ, ಶಾಲು ಎಲ್ಲವೂ ಇರಲಿ, ಆದರೆ ಆ ದುಡ್ಡು ಪ್ರತಿ ಪ್ರದರ್ಶನದ ಮರುದಿನವೇ ಅವರ ಮನೆ ತಲುಪಬೇಕು.