ವೈಬ್ರೇಷನ್ ಕೊಟ್ರೆ ನೋವಿಗೆ ಕಾಲು ಎಳ್ಕೊಳ್ಳೋದು ಕಮ್ಮಿ ಆಗುತ್ತಾ? ಲ್ಯಾಬಲ್ಲಿ ನಾನು ಮಾಡಿ ನೋಡಿದ್ದು
ಫಿಸಿಯಾಲಜಿ ಪಿಜಿ ಮಾಡ್ತಿದ್ದಾಗ ಥೀಸಿಸ್‌ಗೂ ಮುಂಚೆ ಕೈ ಪಳಗ್ಲಿ ಅಂತ ಮಾಡಿದ್ದಿದು. ಏಟು ಬಿದ್ದ ಕಡೆ ಉಜ್ಕೊಂಡ್ರೆ ನೋವು ಕಮ್ಮಿ ಅನ್ಸುತ್ತಲ್ಲ, ಅದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತೆ ವಾಲ್ ಗೇಟ್ ಥಿಯರಿ ಅಂತ ಕೊಟ್ರು, ಸ್ಪರ್ಶ ತರೋ ದಪ್ಪ ನರಗಳು ಕೆಲಸ ಮಾಡ್ತಿದ್ರೆ ಬೆನ್ನುಹುರಿಯಲ್ಲಿ ನೋವಿನ ಸಣ್ಣ ನರಗಳಿಗೆ ಬಾಗಿಲು ಅರ್ಧ ಮುಚ್ಚುತ್ತೆ ಅಂತ. ಸರಿ, ಬಾಯಿ ಹಂಗೆ ಹೇಳುತ್ತೆ, ಸ್ನಾಯು ಏನ್ ಹೇಳುತ್ತೆ ಅನ್ನೋದು ನನ್ನ ಪ್ರಶ್ನೆ.

ಪಾದದ ಗಂಟಿನ ಹೊರಗಡೆ ಮೂಳೆ ಉಬ್ಬಿರುತ್ತಲ್ಲ, ಅದರ ಹಿಂದೆ ಸೂರಲ್ ನರ ಹೋಗುತ್ತೆ. ಅಲ್ಲಿ 1 ಮಿಲಿಸೆಕೆಂಡಿನ ಐದು ಕರೆಂಟ್ ಪಲ್ಸ್ ಪಟಪಟ ಅಂತ ಕೊಟ್ಟು, ತೊಡೆ ಹಿಂದಿನ ಬೈಸೆಪ್ಸ್ ಫೆಮೊರಿಸ್ ಸ್ನಾಯುವಿನ ಮೇಲೆ ಇಎಮ್‌ಜಿ (ಸ್ನಾಯುವಿನ ವಿದ್ಯುತ್ ಸಿಗ್ನಲ್ ಅಳೆಯೋದು) ಎಲೆಕ್ಟ್ರೋಡ್ ಹಚ್ಚಿ, ಸುಮಾರು 90ರಿಂದ 150 ಮಿಲಿಸೆಕೆಂಡ್ ಒಳಗೆ ಬರೋ ಅಲೆ ನೋಡ್ಬೇಕು, ಅದೇ ನೋವಿನ ರಿಫ್ಲೆಕ್ಸ್, ಅಂದ್ರೆ ಕಾಲು ತಾನಾಗೇ ಎಳ್ಕೊಳ್ಳೋದು. ಅದಾದ್ಮೇಲೆ ಬರೋದ್ರಲ್ಲಿ ಬೆಚ್ಚಿಬಿದ್ದದ್ದು, ಬೇಕಂತ ಎಳ್ಕೊಂಡಿದ್ದು ಎಲ್ಲ ಸೇರ್ಕೊಳ್ಳುತ್ತೆ.

ಕುರ್ಚಿಯಲ್ಲಿ ಕೂತಿದ್ದು ನನ್ನ ಬ್ಯಾಚ್‌ಮೇಟು. ನಾನು 100 ಹರ್ಟ್ಜ್ ವೈಬ್ರೇಟರ್ ತಗೊಂಡು, ಕೈಗೆಟಕುತ್ತೆ ಅಂತ ಮಂಡಿ ಹಿಂದೆ ಹೊರಗಡೆ ಇರೋ, ಅದೇ ಬೈಸೆಪ್ಸ್ ಫೆಮೊರಿಸ್‌ನ ಗಟ್ಟಿ ಹುರಿಯಂಥ ಟೆಂಡನ್ ಮೇಲೇ ಇಟ್ಟೆ. ರಿಫ್ಲೆಕ್ಸ್ ಕಮ್ಮಿ ಆಗೋದಿರ್ಲಿ, ದೊಡ್ಡದಾಯ್ತು! ಖುಷಿಯಾಗಿ ಸೀನಿಯರ್‌ಗೆ ತೋರ್ಸಿದ್ರೆ ಅವರು ಸ್ಕ್ರೀನ್ ನೋಡಿ "ಕರೆಂಟ್ ಕೊಡ್ದೇ ಒಂದ್ಸಲ ಮಾಡಪ್ಪ" ಅಂದ್ರು. ಮಾಡಿದ್ರೆ ಆಗ್ಲೂ ಸ್ನಾಯು ಗುಯ್ ಅಂತಿದೆ. ಟೆಂಡನ್ ಅದುರಿಸಿದ್ರೆ ಸ್ನಾಯುವಿನ ಸ್ಪಿಂಡಲ್‌ಗಳು (ಸ್ನಾಯು ಎಷ್ಟು ಎಳೆದಿದೆ ಅಂತ ಗುರ್ತಿಸೋ ಸೆನ್ಸರ್‌ಗಳು) ಎದ್ದು ಅದೇ ಸ್ನಾಯು ತಾನಾಗೇ ಬಿಗಿಯುತ್ತೆ, ಟಾನಿಕ್ ವೈಬ್ರೇಷನ್ ರಿಫ್ಲೆಕ್ಸ್. ಪರೀಕ್ಷೆಗೆ ಓದಿ ಬರ್ದಿದ್ದೆ ಬೇರೆ.

ಆಮೇಲೆ ಪಾದದ ಹೊರ ಅಂಚಿನ ಚರ್ಮಕ್ಕೆ ಮೆಲ್ಲಗೆ ತಾಗಿಸ್ದೆ, ಎಲೆಕ್ಟ್ರೋಡ್ ವೈರ್ ಅಲುಗಾಡಿ ಅದೇ 100 ಹರ್ಟ್ಜ್ ಸಿಗ್ನಲ್ಲಿಗೆ ನುಗ್ಗಿತು, ಟೇಪ್ ಹಾಕಿ ಅಂಟಿಸ್ಬೇಕಾಯ್ತು. ಐದೈದು ಸೆಕೆಂಡಿಗೆ ಶಾಕ್ ಕೊಡ್ತಿದ್ದೆ, ಅವನು ಮನಸಲ್ಲೇ ಎಣಿಸ್ಕೊಂಡು ರೆಡಿಯಾಗಿರ್ತಿದ್ದ, ಅದಕ್ಕೆ 8ರಿಂದ 12 ಸೆಕೆಂಡ್ ನಡುವೆ ಹಿಂದೆಮುಂದೆ ಮಾಡ್ದೆ. ವೈಬ್ರೇಟರ್ ಆನ್ ಮಾಡಿ ಗಾಳಿಯಲ್ಲಿ ಹಿಡ್ಕೊಂಡೂ ನೋಡಿದೆ. ಬರೀ ಆ ಸದ್ದಿಗೇ ಅಲೆ ಸ್ವಲ್ಪ ಇಳೀತು, ಗಮನ ಅತ್ಲಾಗೆ ಹೋಗುತ್ತಲ್ಲ.

ಚರ್ಮಕ್ಕೆ ತಾಗಿಸಿದಾಗ ಇನ್ನೂ ಇಳೀತು, ಪೂರ್ತಿ ಹೋಗ್ಲಿಲ್ಲ, ಕರೆಂಟ್ ಏರಿಸಿದ್ರೆ ವ್ಯತ್ಯಾಸಾನೇ ಕಾಣ್ಲಿಲ್ಲ. ತಮಾಷೆ ಅಂದ್ರೆ ಅಲೆ ಚಿಕ್ಕದಾದಾಗ್ಲೂ ಅವನು "ನೋವು ಅಷ್ಟೇ ಇದೆ ಮಾರಾಯ" ಅಂತಿದ್ದ. ಜಾಗ ಬದಲಾಯಿಸಿ ನಾನು ಕೂತೆ. ನನಗೆ ನೋವು ಕಮ್ಮಿ ಅನ್ಸಿತು, ಸ್ಕ್ರೀನಲ್ಲಿ ಅಲೆ ಮಾತ್ರ ಹಂಗೇ ಇತ್ತು. ಇಬ್ಬರ ಮೇಲೆ ಮಾಡಿದ್ದಕ್ಕೆ ಏನೂ ಸಾಬೀತಾಗಲ್ಲ ಬಿಡಿ, ಆದ್ರೆ ಆಮೇಲಿಂದ ಪ್ರತಿ ರೌಂಡಲ್ಲೂ ಕರೆಂಟ್ ಕೊಡದ ಎರಡು ಟ್ರಯಲ್ ಹಾಕ್ಕೊಂಡೇ ಶುರು ಮಾಡ್ತೀನಿ.